ಆಗಾಗ ಕೇಳುವ ಗುಂಯ್ ದನಿ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ, ಶಿಕ್ಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಸಭೆಯಲ್ಲಿ ಮುಖ್ಯಾಧ್ಯಾಪಕಿಯಾದವಳು ಶಾಲೆಯ ಇತಿಹಾಸವನ್ನು ಹೇಳಬೇಕೆಂಬುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಹಿರಿಯರಾದ ನಿವೃತ್ತ ಗುರುಗಳು ಬೆಳಗಿನ ಗೋಷ್ಠಿಯಲ್ಲಿ ಸೊಗಸಾಗಿ ನೆರವೇರಿಸಿದ್ದಾರೆ. ಆದುದರಿಂದ ನಾನು ಇಂದು ಒಂದು ಕಾರಿನ ವಿಷಯವನ್ನು ಮಾತನಾಡಲು ನಿಮ್ಮ ಅನುಮತಿ ಕೇಳುತ್ತೇನೆ. ಕನ್ನಡ ಎಂ.ಎ. ಓದಿದವಳಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ಕಾಣುತ್ತಿದೆ. ಐದು ವರ್ಷಗಳ ಹಿಂದೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

2019ರ ಆಗಸ್ಟ್ ತಿಂಗಳ ಮಹಾಪೂರವನ್ನು ನೀವು ಯಾರೂ ಮರೆತಿರಲಾರಿರಿ. ಪಂಚಗಂಗೆ ಕೊಲ್ಹಾಪುರವನ್ನು ಸುತ್ತುವರಿದಳು. ರಾಷ್ಟ್ರೀಯ ಹೆದ್ದಾರಿ ಶಿರೋಲಿಯ ಬಳಿ ದಿನಗಟ್ಟಲೆ ಮುಚ್ಚಿತ್ತು. ಇತ್ತ ಅಂಬೋಲಿಯ ಕಡೆ ಹುಟ್ಟಿ ಘಟಪ್ರಭೆಯನ್ನು ಸೇರುವ ನಮ್ಮ ಹಿರಣ್ಯಕೇಶಿಯೂ ದಡ ಮೀರಿದ್ದಳು. ನೀರು ಇಳಿಯುತ್ತಿದ್ದ ದಿನಗಳಲ್ಲಿ ನಾನು ಶಾಲೆಯ ಕಾಗದಪತ್ರಗಳು ಏನಾದವೋ ಎಂಬ ಆತಂಕದಲ್ಲಿ ನನ್ನ ಚಿಕ್ಕ ಕಾರನ್ನು ಮೊಣಕಾಲುದ್ದದ ಕೆಂಪು ನೀರಿನಲ್ಲಿ ಓಡಿಸಿಕೊಂಡು ಬಂದೆ. ಗಾಡಿ ನಿಲ್ಲಲಿಲ್ಲ. ಅದನ್ನು ಪರಾಕ್ರಮವೆಂದು ಶಿಕ್ಷಕರ ಕೊಠಡಿಯಲ್ಲಿ ಎರಡು ಮೂರು ಸಲ ಹೇಳಿಕೊಂಡದ್ದೂ ಉಂಟು.

ದೀಪಾವಳಿ ಕಳೆದ ಮೇಲೆ, ಚಳಿ ಶುರುವಾದಾಗ, ಒಂದು ಬೆಳಿಗ್ಗೆ ಎಂಜಿನ್ನಿನ ಕಡೆಯಿಂದ ಒಂದು ಸಣ್ಣ ದನಿ ಕೇಳಿಸಿತು. ತಾಯನ್ನು ಬಿಟ್ಟ ನಾಯಿಮರಿ ರಾತ್ರಿ ಕೊರಗುವಂತೆ, ಎಳೆದೆಳೆದು ಬರುವ ದನಿ. ಊರು ದಾಟುವಷ್ಟರಲ್ಲಿ ನಿಂತುಹೋಯಿತು. ನಾಲ್ಕು ದಿನ ಏನೂ ಇಲ್ಲ. ಐದನೆಯ ದಿನ ಮತ್ತೆ. ಸಂಕೇಶ್ವರ ದಾಟಿ ತವಂದಿ ಘಟ್ಟ ಏರಿ ಇಳಿದು, ಕೋಗನೊಳ್ಳಿಯ ಟೋಲಿನಲ್ಲಿ ಸಾಲಿನಲ್ಲಿ ನಿಂತಾಗ ಒಮ್ಮೆ ಬಂದದ್ದು, ಕಾಗಲ್ ಬರುವಷ್ಟರಲ್ಲಿ ಇಲ್ಲ. ಇಂಥ ದೋಷಕ್ಕಿಂತ ಪೂರ್ತಿ ಕೆಟ್ಟು ನಿಲ್ಲುವ ಗಾಡಿ ಎಷ್ಟೋ ವಾಸಿ. ಕೆಟ್ಟು ನಿಂತದ್ದನ್ನು ಎಲ್ಲರೂ ಒಪ್ಪುತ್ತಾರೆ. ಆಗೊಮ್ಮೆ ಈಗೊಮ್ಮೆ ಬರುವ ದೋಷವನ್ನು ಹೇಳಿಕೊಂಡವರ ಮಾತನ್ನೇ ಜನ ಸಂಶಯಿಸುತ್ತಾರೆ.

ಕೊಲ್ಹಾಪುರದ ಒಂದು ದೊಡ್ಡ ಕಾರ್ಯಾಗಾರಕ್ಕೆ ಮೂರು ಸಲ ಹೋದೆ. ಮೂರು ಸಲವೂ ಅವರ ಮುಂದೆ ಎಂಜಿನ್ ಗೌರಮ್ಮನಂತೆ ಸುಮ್ಮನಿತ್ತು. ಅವರ ನಮೂನೆಯಲ್ಲಿ ದೂರಿನ ಕಾಲಮ್ಮಿನಲ್ಲಿ ‘ನಾಯ್ಸ್’ ಎಂಬ ಒಂದೇ ಒಂದು ಶಬ್ದ. ಅದರ ಮುಂದೆ ಒಂದು ಗುರುತು. ಮೊದಲೆರಡು ಸಲ ದೋಷವಿಲ್ಲವೆಂದು ಬರೆದುಕೊಟ್ಟರು. ಮೂರನೆಯ ಸಲ, ದೀಪ ಹಾಕಿದಾಗ ದನಿ ಹೆಚ್ಚುತ್ತದೆಂದು ನಾನು ಒತ್ತಿ ಹೇಳಿದ್ದಕ್ಕೆ, ಆಲ್ಟರ್ನೇಟರನ್ನೇ ಬದಲಿಸಬೇಕು, 14,000 ರೂಪಾಯಿ ಆಗುತ್ತದೆ ಎಂದರು. ಅವರು ತೀರ ತಪ್ಪಾಗಿ ಊಹಿಸಿದರೆಂದು ನಾನು ಹೇಳುವುದಿಲ್ಲ. ಏಕೆ ಎಂಬುದು ಮುಂದೆ ಬರುತ್ತದೆ. ಆದರೆ ಊಹೆಗೆ 14,000 ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ಸಮಾಧಾನದಿಂದ ಇರಲೂ ಆಗುತ್ತಿರಲಿಲ್ಲ. ಮಾರ್ಚ್ 3ಕ್ಕೆ ಹತ್ತನೆಯ ತರಗತಿಯ ಪರೀಕ್ಷೆ ಆರಂಭ. ಪರೀಕ್ಷಾ ಕೇಂದ್ರ ಬೇರೆ ಊರಲ್ಲಿ. ಒಳಗಿನ ಹಳ್ಳಿಯ ನಾಲ್ವರು ಹುಡುಗಿಯರಿಗೆ ಹೊತ್ತಿಗೆ ಸರಿಯಾದ ಬಸ್ಸಿಲ್ಲ; ಅವರನ್ನು ನನ್ನ ಗಾಡಿಯಲ್ಲೇ ಕರೆದೊಯ್ಯುವುದಾಗಿ ಅವರ ತಾಯಂದಿರಿಗೆ ನಾನು ಮಾತು ಕೊಟ್ಟಾಗಿತ್ತು. ಪರೀಕ್ಷೆಯ ದಿನ ದಾರಿಯಲ್ಲಿ ಗಾಡಿ ಕೈಕೊಟ್ಟರೆ ನಾಲ್ಕು ಮಕ್ಕಳ ಒಂದು ವರ್ಷ ಹೋಗುತ್ತದೆ. ಆ ನಾಲ್ವರಲ್ಲಿ ಇಬ್ಬರ ಮನೆಯಲ್ಲಿ, ಈ ವರ್ಷ ತಪ್ಪಿದರೆ ಮದುವೆ ಎಂಬ ಮಾತು ಆಗಲೇ ನಡೆದಿತ್ತು.

ಜನವರಿಯಲ್ಲಿ ಇಚಲಕರಂಜಿಯಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಅಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನಮ್ಮ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ ಸಿಕ್ಕಿದ. ತನ್ನ ಹೆಸರನ್ನು ಸಭೆಯಲ್ಲಿ ಹೇಳಬಾರದೆಂದು ಷರತ್ತು ಹಾಕಿದ್ದಾನೆ. ಈ ಮಂಟಪದಲ್ಲಿ ಎಲ್ಲಿಯೋ ಕುಳಿತಿದ್ದಾನೆ. ನಾನು ದನಿಯ ವಿಷಯ ಹೇಳಿದೊಡನೆ ಅವನು ಬಾನೆಟ್ ತೆರೆಯುವನೆಂದು ಅಂದುಕೊಂಡೆ. ತೆರೆಯಲಿಲ್ಲ. ಒಂದು ಸ್ಟೂಲು ಹಾಕಿ ಕೂರಿಸಿ, ಚಹಾ ತರಿಸಿ, ಕೇಳತೊಡಗಿದ.

“ಬಾಯಾರ, ದನಿ ಹೆಂಗ ಬರ್ತೈತ್ರಿ? ಚೀಂವ್ ಚೀಂವ್ ಅಂತೈತೋ, ಕಿರ್ರ್ ಅಂತೈತೋ, ಸುಂಯ್ ಅಂತೈತೋ, ಗುಂಯ್ ಅಂತೈತೋ?”

ಇಪ್ಪತ್ತೈದು ವರ್ಷ ಅನುಕರಣಾವ್ಯಯಗಳನ್ನು ಹಲಗೆಯ ಮೇಲೆ ಬರೆದು ಕಲಿಸಿದವಳು ನಾನು. ಚಟಚಟ, ಗುಳುಗುಳು, ಧಗಧಗ ಎಂದು ಉದಾಹರಣೆ ಕೊಟ್ಟು, ಅಂಕ ಹಾಕಿ ಮುಂದೆ ಹೋದವಳು. ಅವು ಒಬ್ಬನ ಕಸುಬಿನಲ್ಲಿ ಅಳತೆಗೋಲಾಗಿ ಕೆಲಸ ಮಾಡುತ್ತವೆಂಬುದನ್ನು ಅಂದೇ ಮೊದಲು ಕಂಡೆ. ಅವನು ವಿವರಿಸಿದ. ಚೀಂವ್ ಚೀಂವ್ ಎಂದು ಗುಬ್ಬಿಯಂತೆ ಬಿಟ್ಟು ಬಿಟ್ಟು ಬಂದರೆ ಬೆಲ್ಟು ಪುಲ್ಲಿಗಳ ಮೇಲೆ ನೇರವಾಗಿ ಕೂತಿಲ್ಲ. ಓಡುವ ಬೆಲ್ಟಿನ ಹಲ್ಲುಗಳ ಮೇಲೆ ತುಸು ನೀರು ಚಿಮುಕಿಸಿದರೆ ಕೆಲ ಕ್ಷಣ ಅಡಗುತ್ತದೆ. ಕಿರ್ರ್ ಎಂದು ಕೂಗಿದರೆ ಬೆಲ್ಟು ಸಡಿಲಾಗಿ ಜಾರುತ್ತಿದೆ. ನೀರು ಬಿದ್ದರೆ ಅದು ಇನ್ನೂ ಹೆಚ್ಚುತ್ತದೆ. ಸುಂಯ್ ಎಂದರೆ ಎಲ್ಲಿಯೋ ಗಾಳಿ ಸೀಳಿ ಹೋಗುತ್ತಿದೆ, ಒಂದು ರಬ್ಬರ್ ನಳಿಕೆ ಬಿರುಕು ಬಿಟ್ಟಿರಬಹುದು. ಟರ್ಬೋ ಇರುವ ಡೀಸೆಲ್ ಗಾಡಿಯಾದರೆ ಅದರ ಕಡೆ ನೋಡಬೇಕು. ಗುಂಯ್ ಎಂದು ಒಂದೇ ಎಳೆಯಾಗಿ ಬಂದು, ಎಂಜಿನ್ನಿನ ವೇಗದೊಡನೆ ಏರಿ ಇಳಿದರೆ, ತಿರುಗುವ ಯಾವುದೋ ಒಂದರ ಬೇರಿಂಗ್ ಸೋತಿದೆ. ಕಾರ್ಯಾಗಾರದ ನಮೂನೆಯಲ್ಲಿ ಈ ನಾಲ್ಕಕ್ಕೂ ಸೇರಿ ಒಂದೇ ಪದವಿತ್ತು.

ನನ್ನದು ಗುಂಯ್ ಎಂದೆ.

ಮುಂದಿನ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ನಿಂತಾಗಲೂ ಬರುತ್ತದೆಯೋ, ಓಡುವಾಗ ಮಾತ್ರವೋ? ಗಾಡಿಯ ವೇಗಕ್ಕೆ ತಕ್ಕಂತೆ ಏರುವುದಾದರೆ ಗಾಲಿಯ ಬೇರಿಂಗ್ ಅಥವಾ ಗೇರುಪೆಟ್ಟಿಗೆ. ನಿಂತಲ್ಲೇ ಬರುವುದಾದರೆ ಅವೆರಡೂ ಬಹುಪಾಲು ಪಾರು. ಕ್ಲಚ್ ಒತ್ತಿದಾಗ ಹುಟ್ಟುತ್ತದೆಯೋ, ಅಡಗುತ್ತದೆಯೋ? ಒತ್ತಿದಾಗ ಹುಟ್ಟಿದರೆ ಕ್ಲಚ್ಚಿನ ಬೇರಿಂಗ್, ಅಡಗಿದರೆ ಗೇರುಪೆಟ್ಟಿಗೆಯ ಒಳಗಿನದು. ಸ್ಟೀರಿಂಗ್ ತಿರುಗಿಸಿದಾಗ ಹೆಚ್ಚುತ್ತದೆಯೋ? ಎಣ್ಣೆಯಿಂದ ನಡೆಯುವ ಪವರ್ ಸ್ಟೀರಿಂಗಿನಲ್ಲಿ ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದರೆ ಅದರ ಪಂಪು ಹೀಗೆಯೇ ಕೊರಗುತ್ತದೆ. ನನ್ನ ಗಾಡಿಯದು ವಿದ್ಯುತ್ತಿನದಾದ್ದರಿಂದ ಆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಹಿಂದಿನ ಸೀಟಿನ ಕೆಳಗಿನಿಂದ ಕೇಳುತ್ತದೆಯೋ? ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ತನ್ನ ಸುತ್ತಲಿನ ಪೆಟ್ರೋಲಿನಿಂದಲೇ ತಂಪಾಗುವಂಥದು. ಟ್ಯಾಂಕು ಬರಿದಾಗುತ್ತ ಬಂದಂತೆ ಅದರ ದನಿ ಏರುತ್ತದೆ. ಕೊನೆಯಲ್ಲಿ ಅವನು ಕೇಳಿದ್ದು, “ಮಳೆಗಾಲದಾಗ ನೀರಾಗ ಗಾಡಿ ಹೊಡದಿದ್ರೇನ್ರಿ?” ನಾನು ನನ್ನ ಪರಾಕ್ರಮವನ್ನು ಸಣ್ಣ ದನಿಯಲ್ಲಿ ಒಪ್ಪಿಕೊಂಡೆ.

ಇಷ್ಟಾದರೂ ಅವನು ಬಾನೆಟ್ ಮುಟ್ಟಲಿಲ್ಲ. “ಹದಿನೈದು ದಿನ ಬರದಿಡ್ರಿ ಬಾಯಾರ. ಬಂದಾಗೂ ಬರೀರಿ, ಬರದಿದ್ದಾಗೂ ಬರೀರಿ” ಎಂದ.

‘ಬರದಿದ್ದಾಗೂ’ ಎಂಬುದನ್ನು ಗಮನಿಸಬೇಕು. ದೋಷ ಕಾಣಿಸಿಕೊಂಡ ದಿನಗಳನ್ನು ನಾವೆಲ್ಲರೂ ನೆನಪಿಡುತ್ತೇವೆ. ಕಾಣಿಸದ ದಿನಗಳಲ್ಲಿ ಏನು ಭಿನ್ನವಾಗಿತ್ತೆಂದು ಯಾರೂ ಬರೆದಿಡುವುದಿಲ್ಲ. ನಾನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಗೆರೆ ಹಾಕಿದೆ: ದಿನಾಂಕ, ಹೊತ್ತು, ಚಳಿಯೋ ಬಿಸಿಲೋ, ಎಂಜಿನ್ ತಣ್ಣಗಿತ್ತೋ ಕಾದಿತ್ತೋ, ದೀಪ, ಎ.ಸಿ., ದನಿ ಉಂಟೋ ಇಲ್ಲವೋ. ಎರಡು ವಾರದಲ್ಲಿ ಪುಟ ತುಂಬಿತು. ತುಂಬಿದ ಪುಟವನ್ನು ದೂರದಿಂದ ನೋಡಿದಾಗ, ಅದುವರೆಗೆ ಮನಸ್ವೀ ಎಂದುಕೊಂಡಿದ್ದ ದನಿಗೆ ಒಂದು ನಡತೆ ಇದ್ದದ್ದು ಕಂಡಿತು. ರಾತ್ರಿ ಬಯಲಲ್ಲಿ ನಿಂತು ಮಂಜು ಕುಡಿದ ಬೆಳಿಗ್ಗೆ ಬಂದೇ ಬರುತ್ತದೆ. ಐದಾರು ನಿಮಿಷ ಇದ್ದು ಹೋಗುತ್ತದೆ. ಅಂಥ ಬೆಳಿಗ್ಗೆ ದೀಪ ಹಾಕಿದರೆ ಹೆಚ್ಚು. ಆದರೆ ರಾತ್ರಿ ದೀಪ ಹಾಕಿಕೊಂಡೇ ಗಂಟೆಗಟ್ಟಲೆ ಓಡಿಸಿದಾಗ, ಎಂಜಿನ್ ಕಾದಿರುವಾಗ, ಇಲ್ಲವೇ ಇಲ್ಲ. ಇನ್ನೊಂದು ಸಂದರ್ಭ, ಘಟ್ಟ ಏರಿ ವಿಪರೀತ ಕಾದ ಮೇಲೆ ಎ.ಸಿ. ಹಾಕಿಕೊಂಡು ನಿಂತಾಗ.

ಈ ಪುಟವನ್ನು ನೋಡಿ ಅವನು ಮೊದಲು ಆಲ್ಟರ್ನೇಟರಿನ ಪ್ರಶ್ನೆಯನ್ನು ಎತ್ತಿಕೊಂಡ. ನಮ್ಮ ವಿಜ್ಞಾನ ಶಿಕ್ಷಕರು ಮುಂದೆ ಇದನ್ನು ಒಂಬತ್ತನೆಯ ತರಗತಿಗೆ ಲೆಕ್ಕವಾಗಿ ಮಾಡಿಸಿದರು, ಚಿಕ್ಕದಾಗಿ ಹೇಳುತ್ತೇನೆ. ಎಂಜಿನ್ ನಿಂತಲ್ಲೇ ತಿರುಗುವಾಗ ನಿಮಿಷಕ್ಕೆ ಸುಮಾರು 800 ಸುತ್ತು. ಆಲ್ಟರ್ನೇಟರಿನ ಪುಲ್ಲಿ ಚಿಕ್ಕದು. ಅದು ಎರಡೂವರೆ ಪಟ್ಟು ವೇಗವಾಗಿ ತಿರುಗಿದರೆ ನಿಮಿಷಕ್ಕೆ 2000, ಸೆಕೆಂಡಿಗೆ 33. ಸಾಮಾನ್ಯವಾಗಿ ಅದರಲ್ಲಿ 12 ಧ್ರುವಗಳು, ಮೂರು ಫೇಸುಗಳು. ವಿದ್ಯುತ್ತು ನೇರಗೊಂಡು ಹೊರಬರುವಾಗ ಪ್ರತಿ ಸುತ್ತಿಗೂ 36 ಸಣ್ಣ ಏರಿಳಿತಗಳು. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 1200 ಕಂಪನ. ಕಿವಿಗೆ ಚೆನ್ನಾಗಿ ಕೇಳುವ ಕೀರಲು ದನಿ. ದೀಪ ಹಾಕಿದರೆ ಹೊರೆ ಹೆಚ್ಚಿ ಅದು ಏರುವುದೂ ಉಂಟು. ಕಾರ್ಯಾಗಾರದವರ ಊಹೆಗೆ ಆಧಾರವಿಲ್ಲದಿರಲಿಲ್ಲ. ಆದರೆ ದೋಷ ಆ ಬಗೆಯದಾಗಿದ್ದರೆ ರಾತ್ರಿಯ ಪ್ರಯಾಣದಲ್ಲಿ ದೀಪ ಉರಿಯುತ್ತಿದ್ದಾಗಲೂ ಕೇಳಬೇಕಿತ್ತು. ಕೇಳಲಿಲ್ಲವೆಂದು ನನ್ನ ಹಾಜರಿ ಪುಸ್ತಕ ಸಾಕ್ಷಿ ಹೇಳುತ್ತಿತ್ತು. ಅಂದರೆ ಚಳಿಯೇ ಮುಖ್ಯ. ದೀಪ ಅದನ್ನು ಹೆಚ್ಚಿಸುತ್ತದೆ, ಅಷ್ಟೆ. ದೀಪ ಹಾಕಿದಾಗ ಆಲ್ಟರ್ನೇಟರ್ ಬಿಗಿಯಾಗಿ ತಿರುಗುತ್ತದೆ, ಬೆಲ್ಟಿನ ಎಳೆತ ಹೆಚ್ಚುತ್ತದೆ, ಆ ಬೆಲ್ಟು ಹಾದುಹೋಗುವ ಪ್ರತಿಯೊಂದು ಪುಲ್ಲಿಯ ಮೇಲೂ ಭಾರ ಬೀಳುತ್ತದೆ. ಎ.ಸಿ. ಹಾಕಿದಾಗಲೂ ಹಾಗೆಯೇ.

“ಗಾಡಿ ಇವತ್ತ ರಾತ್ರಿ ಇಲ್ಲೇ ಬಯಲಾಗ ನಿಂದರ್ಲಿ. ಮುಂಜಾನೆ ಆರಕ್ಕ ಬರ್ರಿ” ಎಂದ.

ಮರುದಿನ ಬೆಳಗಿನ ಆರು ಗಂಟೆಗೆ ನಾನು ಹೋದಾಗ ಪಕ್ಕದ ಕಾರ್ಖಾನೆಗಳ ವಿದ್ಯುತ್ ಮಗ್ಗಗಳು ಆಗಲೇ ಬಡಿಯುತ್ತಿದ್ದವು. ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಿತಂತೆ. ಅಂದಿನಿಂದ ಆ ಊರು ಮೌನವೆಂದರೆ ಏನೆಂದು ಮರೆತಿರಬೇಕು. ಈ ಸಭೆಯಲ್ಲಿರುವ ಎಷ್ಟೋ ಪಾಲಕರು ಅಲ್ಲಿ ಮಗ್ಗ ನಡೆಸುವವರು. ನೂರು ಮಗ್ಗಗಳ ಗದ್ದಲದಲ್ಲಿ ತಮ್ಮ ಒಂದು ಮಗ್ಗದ ಲಾಳಿಯ ಬಡಿತ ತಪ್ಪಿದರೆ ತಿರುಗಿ ನೋಡುವ ಕಿವಿ ನಿಮ್ಮದು. ಆ ಕಿವಿಯ ಬಗ್ಗೆ ನಿಮಗೆ ಒಂದು ಮಾತು: ಮಗ್ಗದ ಶೆಡ್ಡಿನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ದಾಟುತ್ತದೆ. ನಮ್ಮ ದೇಶದ ಕಾರ್ಖಾನೆ ನಿಯಮಗಳು ದಿನಕ್ಕೆ 8 ಗಂಟೆಯ ಕೆಲಸಕ್ಕೆ ಇಟ್ಟಿರುವ ಮಿತಿಯೇ 90. ಕಿವಿಗೆ ಬೆಣೆ ಇಟ್ಟುಕೊಂಡು ಕೆಲಸ ಮಾಡಿದರೆ ಯಾರೂ ನಗುವುದಿಲ್ಲ, ನಕ್ಕರೂ ಚಿಂತೆಯಿಲ್ಲ.

ಎಂಜಿನ್ ಶುರುವಾಯಿತು, ದನಿಯೂ ಬಂತು. ಅವನ ಮುಂದೆ ಬಂತಲ್ಲ ಎಂದು ನನಗೆ ಆದ ಸಂತೋಷ, ರೋಗ ಕಾಣಿಸಿದ್ದಕ್ಕೆ ಹಿಗ್ಗುವ ರೋಗಿಯದು. ಅವನು ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡ. ಅದರ ತುದಿಯನ್ನು ಆಲ್ಟರ್ನೇಟರಿನ ಅಲುಗದ ಹೊರಮೈಗೆ ಒತ್ತಿ, ಹಿಡಿಕೆಯನ್ನು ತನ್ನ ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿದ. ಆಮೇಲೆ ನೀರಿನ ಪಂಪಿಗೆ. ಆಮೇಲೆ ಎ.ಸಿ. ಕಂಪ್ರೆಸರಿಗೆ. ಆಮೇಲೆ, ಬೆಲ್ಟಿಗೆ ದಾರಿ ತೋರಿಸಲೆಂದೇ ಇರುವ, ತಾನು ಯಾವ ಕೆಲಸವನ್ನೂ ಮಾಡದ ಒಂದು ಚಿಕ್ಕ ಗಾಲಿಯ ನಡುವಿನ ಬೋಲ್ಟಿಗೆ. ಐಡ್ಲರ್ ಪುಲ್ಲಿ ಎನ್ನುತ್ತಾರೆ. ಅಲ್ಲಿ ಅವನ ಹುಬ್ಬು ಮೇಲೇರಿತು.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದು, ಅದರಿಂದ ಸ್ಟೆಥೋಸ್ಕೋಪು ಹುಟ್ಟಿದ್ದು ನಮ್ಮ ಮಕ್ಕಳಿಗೆ ಗೊತ್ತು. ಮಿರಜದಲ್ಲಿ ತಂಬೂರಿ ಮಾಡುವವರು ತಂತಿಗೂ ಕುದುರೆಗೂ ನಡುವೆ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಜವಾರಿ ಹಿಡಿಯುವುದನ್ನು ನಾನು ಕಂಡಿದ್ದೇನೆ. ಆ ಮುಖಭಾವವೇ ಇವನದೂ. (ಇಲ್ಲಿ ಹುಡುಗರಿಗೊಂದು ಎಚ್ಚರಿಕೆ. ಓಡುವ ಎಂಜಿನ್ನಿನ ಬಳಿ ಇದನ್ನು ಮಾಡಿ ನೋಡಬೇಡಿರಿ. ಬೆಲ್ಟು ಬೆರಳನ್ನು ಕೇಳಿ ಎಳೆದುಕೊಳ್ಳುವುದಿಲ್ಲ. ನನ್ನನ್ನು ಅವನು ಸೆರಗು ಸಿಕ್ಕಿಸಿಕೊಂಡು ನಾಲ್ಕು ಮಾರು ದೂರವೇ ನಿಲ್ಲಲು ಹೇಳಿದ್ದ.)

ಅವನು ಅಷ್ಟಕ್ಕೇ ತೃಪ್ತನಾಗಲಿಲ್ಲ. ಲೋಹದೊಳಗೆ ದನಿ ಅಲೆಯುತ್ತದೆ, ಒಂದರ ದನಿ ಇನ್ನೊಂದರಲ್ಲಿ ಕೇಳಿ ಮೋಸ ಮಾಡುತ್ತದೆ ಎಂದ. ಎಂಜಿನ್ ನಿಲ್ಲಿಸಿ ಬೆಲ್ಟನ್ನು ಬಿಚ್ಚಿದ. ಒಂದೇ ಒಂದು ಕ್ಷಣ ಶುರು ಮಾಡಿದ. ಗುಂಯ್ ಇಲ್ಲ. ಹಾಗಾದರೆ ದೋಷ ಎಂಜಿನ್ನಿನ ಒಳಗಿಲ್ಲ, ಬೆಲ್ಟು ತಿರುಗಿಸುವ ಬಳಗದಲ್ಲಿದೆ ಎಂಬುದು ಖಚಿತವಾಯಿತು. ಬೆಲ್ಟಿಲ್ಲದಾಗ ನೀರಿನ ಪಂಪೂ ನಿಂತಿರುತ್ತದೆ, ಆದುದರಿಂದ ಬೇಗ ಆರಿಸಬೇಕು. ನಂತರ ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿದ. ನನಗೂ ತಿರುಗಿಸಲು ಕೊಟ್ಟ. ಆಲ್ಟರ್ನೇಟರ್ ನುಣ್ಣಗೆ ತಿರುಗಿತು. ನೀರಿನ ಪಂಪು ಅಲುಗಲಿಲ್ಲ. ಆ ಚಿಕ್ಕ ಗಾಲಿ ಮಾತ್ರ ನನ್ನ ಬೆರಳಿನ ಕೆಳಗೆ, ಒರಳಿನಲ್ಲಿ ಮರಳು ಅರೆದಂತೆ, ಗರಗರ ಎಂದಿತು.

ಅದನ್ನು ಬಿಚ್ಚಿ, ಬೇರಿಂಗಿನ ಮುಚ್ಚಳವನ್ನು ಮೀಟಿ ತೆಗೆದ. ಒಳಗೆ ಗ್ರೀಸು ಇರಬೇಕಾದಲ್ಲಿ ಕೆಂಪು ಕೆಸರು ಒಣಗಿ ಕೂತಿತ್ತು. ಹಿರಣ್ಯಕೇಶಿಯ ಮಣ್ಣು. ಆಗಸ್ಟಿನಲ್ಲಿ ಒಳಹೊಕ್ಕ ನೀರು ಗ್ರೀಸನ್ನು ಸ್ವಲ್ಪ ಸ್ವಲ್ಪವಾಗಿ ಕೆಡಿಸಿ, ಗುಂಡುಗಳ ಹಾದಿಯನ್ನು ತುಕ್ಕು ಹಿಡಿಸಿತ್ತು. ಚಳಿಯಲ್ಲಿ ಉಳಿದ ಗ್ರೀಸು ಗಟ್ಟಿಯಾಗಿ ಗುಂಡುಗಳು ಸರಿಯಾಗಿ ಉರುಳದೆ ಜಾರುತ್ತಿದ್ದವು, ಅದೇ ಗುಂಯ್. ತುಸು ಕಾದಾಗ ಗ್ರೀಸು ಹರಡಿ ಸುಮ್ಮನಾಗುತ್ತಿತ್ತು. ಅತಿಯಾಗಿ ಕಾದಾಗ ತೀರ ತೆಳುವಾಗಿ ಮತ್ತೆ ಕೂಗುತ್ತಿತ್ತು. ಆ ಗಾಲಿ ಒಂದು ದಿನ ಬಿಗಿದು ನಿಂತರೆ ಬೆಲ್ಟು ಸುಟ್ಟು ಹರಿಯುತ್ತದೆ. ಬೆಲ್ಟು ಹರಿದರೆ ಬ್ಯಾಟರಿ ತುಂಬುವುದು ನಿಲ್ಲುತ್ತದೆ, ನೀರಿನ ಪಂಪು ನಿಲ್ಲುತ್ತದೆ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಕುದಿಯುತ್ತದೆ. ಪುಲ್ಲಿಗೂ ಹೊಸ ಬೆಲ್ಟಿಗೂ ಸೇರಿ 1,650 ರೂಪಾಯಿ ಆಯಿತು. ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ.

ಕಾರಿನ ಕಥೆ ಇಷ್ಟು. ಆ ಬೆಳಿಗ್ಗೆ ನಡೆದದ್ದು ಇಷ್ಟೇ ಆಗಿದ್ದರೆ ನಾನು ಇದನ್ನು ಸಭೆಯ ಮುಂದೆ ತರುತ್ತಿರಲಿಲ್ಲ.

ಅವನು ಬೆಲ್ಟು ಕೂರಿಸುತ್ತಿದ್ದಾಗ ನಾನು ಕುತೂಹಲದಿಂದ ಕೇಳಿದೆ: “ಅಲ್ಲಪ್ಪಾ, ಎಲ್ಲರೂ ಕಿವಿಯ ತೂತಿಗೆ ಇಟ್ಟು ಕೇಳುತ್ತಾರೆ. ನೀನೇಕೆ ಹಿಂದಿನ ಎಲುಬಿಗೆ ಇಡುತ್ತೀ?”

ಅವನು ಪಾನಾ ಬಿಗಿಯುತ್ತಲೇ ಹೇಳಿದ: “ಸಣ್ಣಾಂವಿದ್ದಾಗಿಂದ ರೂಢಿ ಆಗೇತ್ರಿ. ನನಗ ಕಿವಿ ಸೋರತಿದ್ದುವಲ್ರಿ. ಮಳಿಗಾಲದಾಗ ಭಾಳ. ಆವಾಗ ಮಂದಿ ಮಾತ ಸರಿ ಕೇಳತಿರಲಿಲ್ಲ. ಕಾಕಾನ ಹಿಟ್ಟಿನ ಗಿರಣಿಯಾಗ ಎಂಜಿನ್‌ಗೆ ಕೋಲ ಹಚ್ಚಿ ಹಿಂಗ ಇಟಗೊಂಡ್ರ ಮಾತ್ರ ಎಲ್ಲಾ ಸ್ವಚ್ಛ ಕೇಳತಿತ್ತು.”

ನಾನು ಅವನಿಗೆ ಐದನೆಯ ತರಗತಿಯಿಂದ ಏಳನೆಯವರೆಗೆ ಕನ್ನಡ ಕಲಿಸಿದವಳು. ಅವನ ಉಕ್ತಲೇಖನ ನನಗೆ ಚೆನ್ನಾಗಿ ನೆನಪಿದೆ. ಕೆಲವು ದಿನ ಒಂದೂ ತಪ್ಪಿಲ್ಲ. ಕೆಲವು ದಿನ ಅರ್ಧ ವಾಕ್ಯವೇ ಇಲ್ಲ. ಸಕಾರ ಹಕಾರಗಳು ಮಾಯ, ತಕಾರವಿದ್ದಲ್ಲಿ ಕಕಾರ. ಬಲ್ಲವನು ಬೇಕೆಂದೇ ಬರೆಯುತ್ತಿಲ್ಲವೆಂದು ನಾನು ತೀರ್ಮಾನಿಸಿದ್ದೆ. ಎಂದೂ ಬರೆಯಲಾರದ ಹುಡುಗನಾಗಿದ್ದರೆ ಹತ್ತಿರ ಕೂರಿಸಿಕೊಂಡು ಕಲಿಸುತ್ತಿದ್ದೆನೇನೋ. ಆಗಾಗ ತಪ್ಪುವವನಾದ್ದರಿಂದ ಹಿಂದಿನ ಬೆಂಚಿಗೆ ಕಳುಹಿಸಿದೆ. ಅಲ್ಲಿಂದ ಅವನಿಗೆ ಇನ್ನೂ ಕಡಿಮೆ ಕೇಳಿಸಿರಬೇಕು. ಅವನ ತಾಯಿ ಹಳೆಯ ಪ್ರಗತಿಪತ್ರಕಗಳನ್ನು ಟ್ರಂಕಿನಲ್ಲಿ ಇಟ್ಟಿದ್ದರು. ಆ ಮಧ್ಯಾಹ್ನ ಊಟಕ್ಕೆ ಅವರ ಮನೆಗೆ ಕರೆದೊಯ್ದಾಗ ಅಭಿಮಾನದಿಂದ ತಂದು ತೋರಿಸಿದರು. ಏಳನೆಯ ತರಗತಿ, ಮೊದಲನೆಯ ಸತ್ರ: ‘ಬುದ್ಧಿ ಇದೆ. ಲಕ್ಷ್ಯ ಕೊಡುವುದಿಲ್ಲ.’ ನನ್ನ ಅಕ್ಷರ. ಅದರ ಕೆಳಗೆ ಅವರ ಹೆಬ್ಬೆಟ್ಟು.

ಮೊದಲನೆಯ ಸತ್ರವೆಂದರೆ ಜೂನ್‌ನಿಂದ ದೀಪಾವಳಿಯವರೆಗೆ. ಮಳೆಗಾಲ. ಎರಡನೆಯ ಸತ್ರದಲ್ಲಿ ಅವನ ಅಂಕಗಳು ಮೂರು ವರ್ಷವೂ ಏರಿದ್ದವು. ನಡತೆ ಕಾಗದದ ಮೇಲೆಯೇ ಇತ್ತು. ನಾನು ಯಾವಾಗ ಎಂದು ಕೇಳಲಿಲ್ಲ. ಏಕೆ ಎಂದು ಗದರಿಸಿದೆ, ಅಷ್ಟೆ. ಕಾರ್ಯಾಗಾರದವರು ನನ್ನ ಗಾಡಿಗೆ ಮಾಡಿದ್ದನ್ನು ನಾನು ಮೂರು ವರ್ಷ ಒಬ್ಬ ಹುಡುಗನಿಗೆ ಮಾಡಿದ್ದೆ. ಅವರು ಕೇಳಿದ್ದು ಹಣ. ಅವನು ತೆತ್ತದ್ದು ಅದಕ್ಕಿಂತ ದೊಡ್ಡದು. ಎಂಟನೆಯ ತರಗತಿಯ ನಡುವೆಯೇ ಅವನು ಶಾಲೆ ಬಿಟ್ಟ. ಈ ಶಾಲೆಯ ಸಾಧಕರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಶಾಲೆ ಬಿಟ್ಟವರ ಪುಸ್ತಕದಲ್ಲಿದೆ, ಕಾರಣದ ಕಾಲಮ್ಮಿನಲ್ಲಿ ‘ಅಭ್ಯಾಸದಲ್ಲಿ ನಿರಾಸಕ್ತಿ’ ಎಂದು ಬರೆದಿದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಿರಜದಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯಾಯಿತು. ಈಗ ಚೆನ್ನಾಗಿ ಕೇಳಿಸುತ್ತದೆ. ಎಲುಬಿಗೆ ಆನಿಸುವ ರೂಢಿ ಮಾತ್ರ ಉಳಿದಿದೆ.

ಅವನ ಮುಂದೆ ಇದನ್ನು ಹೇಗೆ ಹೇಳಬೇಕೆಂದು ತಿಳಿಯದೆ ನಾನು ತಡವರಿಸಿದಾಗ ಅವನೇ ಮಾತು ಬೇರೆ ಕಡೆ ತಿರುಗಿಸಿದ. ಆ ಸೌಜನ್ಯವನ್ನು ನಾವು ಕಲಿಸಿದ್ದೆಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ.

ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಪಾಲಕರಿಗಾಗಿ ಹೇಳುತ್ತೇನೆ. ನೆಗಡಿ ಪದೇ ಪದೇ ಬರುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಳ್ಳುತ್ತದೆ. ಕೆಲವರಿಗೆ ತಮಟೆ ತೂತಾಗಿ ಸೋರುತ್ತದೆ. ಸೋರದೆ ಒಳಗೇ ತುಂಬಿಕೊಂಡರೆ ನೋವೂ ಇರದಿರಬಹುದು, ಹೊರಗೆ ಏನೂ ಕಾಣಿಸದಿರಬಹುದು. ಗಾಳಿಯ ಮೂಲಕ ಬರುವ ದನಿ ಅಲ್ಲಿ ತಡೆಯುತ್ತದೆ. ಒಳಗಿವಿ ಚೆನ್ನಾಗಿಯೇ ಇರುವುದರಿಂದ ಎಲುಬಿನ ಮೂಲಕ ಬರುವ ಕಂಪನ ಸ್ಪಷ್ಟವಾಗಿ ಮುಟ್ಟುತ್ತದೆ. ವೈದ್ಯರು ಶ್ರುತಿಕವೆಯನ್ನು ಮಿಡಿದು ಕಿವಿಯ ಹಿಂದಿನ ಎಲುಬಿಗಿಟ್ಟು, ಆಮೇಲೆ ಕಿವಿಯ ಮುಂದೆ ಹಿಡಿದು ಎಲ್ಲಿ ಹೆಚ್ಚು ಕೇಳುತ್ತದೆಂದು ವಿಚಾರಿಸುವುದು ಈ ಭೇದವನ್ನು ತಿಳಿಯಲೆಂದೇ. ಆ ಹುಡುಗ ಹಿಟ್ಟಿನ ಗಿರಣಿಯಲ್ಲಿ ಯಾರ ಸಹಾಯವೂ ಇಲ್ಲದೆ ತನ್ನ ರೋಗವನ್ನು ತಾನೇ ಪತ್ತೆ ಮಾಡಿದ್ದ. ದ್ರವ ಏರಿದಂತೆ ಇಳಿದಂತೆ ಕೇಳುವಿಕೆಯೂ ಏರಿ ಇಳಿಯುತ್ತದೆ. ಆದುದರಿಂದಲೇ ತಾಯಿಗೂ ಶಿಕ್ಷಕರಿಗೂ ಅದು ಹಟವಾಗಿ ಕಾಣುತ್ತದೆ. ಬಿಸಿ ಎಣ್ಣೆ ಬಿಡಬೇಡಿರಿ, ಕಡ್ಡಿ ಹಾಕಬೇಡಿರಿ. ಕಿವಿಯ ವೈದ್ಯರಿಗೆ ತೋರಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಕಿವಿಯೂ ಸೇರಿದೆ. ಅವರ ತಂಡ ಶಾಲೆಗೆ ಬರುವ ದಿನ ಮಗುವನ್ನು ಹೊಲಕ್ಕೋ ಮದುವೆಗೋ ಕರೆದೊಯ್ಯಬೇಡಿರಿ.

ಶಾಲೆಯಲ್ಲಿ ನಾವು ಮಾಡಿರುವುದು ಬಹಳ ಸಣ್ಣದು. ಪ್ರತಿ ತರಗತಿಯಲ್ಲೂ ಒಂದು ಇನ್ನೂರು ಪುಟದ ವಹಿ ಇದೆ. ಯಾವ ಮಗು ‘ಕೆಲವೊಮ್ಮೆ’ ತಪ್ಪುತ್ತದೆಯೋ ಅದರ ಹೆಸರಿನ ಮುಂದೆ ದಿನಾಂಕ, ಹೊತ್ತು, ಕೂತ ಜಾಗ, ನೆಗಡಿ ಇತ್ತೋ, ಉಂಡು ಬಂದಿತ್ತೋ ಎಂದು ಒಂದು ಸಾಲು. ತಪ್ಪದ ದಿನವೂ ಒಂದು ಸಾಲು. ‘ಲಕ್ಷ್ಯ ಕೊಡುವುದಿಲ್ಲ’ ಎಂಬ ಷರಾ ಬರೆಯುವ ಮುನ್ನ ಹದಿನೈದು ದಿನದ ಸಾಲುಗಳನ್ನು ನನಗೆ ತೋರಿಸಬೇಕು. ನನ್ನ ಸಹೋದ್ಯೋಗಿಗಳು ಮೊದಮೊದಲು ಗೊಣಗಿದರು. ಕೆಲಸ ಹೆಚ್ಚಾಯಿತೆಂಬ ಅವರ ಮಾತು ನಿಜವೂ ಹೌದು. ಕಳೆದ ವರ್ಷ ಆ ವಹಿಯಿಂದ ಮೂರು ಮಕ್ಕಳ ಕಿವಿ, ಒಬ್ಬಳ ಕಣ್ಣು ವೈದ್ಯರ ಬಳಿ ಹೋದವು. ಇನ್ನೊಬ್ಬ ಹುಡುಗನ ಸಾಲುಗಳಲ್ಲಿ ಸೋಮವಾರ ಮಾತ್ರ ತಪ್ಪುಗಳಿದ್ದವು. ಭಾನುವಾರ ರಾತ್ರಿ ಅವನ ಮನೆಯಲ್ಲಿ ಏನು ನಡೆಯುತ್ತದೆಂಬುದು ವೈದ್ಯರ ಕೆಲಸವಾಗಿರಲಿಲ್ಲ. ಅದಕ್ಕೆ ನಾನೇ ಹೋಗಿ ಬಂದೆ.

ಕನ್ನಡ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಬೆಳಗಿನಿಂದ ಎಲ್ಲರೂ ಮರುಗಿದ್ದೀರಿ. ನನಗೂ ಆ ಚಿಂತೆ ಇದೆ. ಆದರೆ ತರಗತಿಯಲ್ಲಿ ಇಪ್ಪತ್ತೇ ಮಕ್ಕಳಿದ್ದರೆ ಇಪ್ಪತ್ತು ಮಕ್ಕಳ ಸಾಲು ಬರೆಯಲು ಸಾಧ್ಯ. ಈ ಒಂದು ಅನುಕೂಲವನ್ನಾದರೂ ನಾವು ಬಳಸಿಕೊಳ್ಳೋಣ.

ಆ ನಾಲ್ವರು ಹುಡುಗಿಯರ ವಿಷಯ ಕೇಳುವಿರಿ. ಮಾರ್ಚ್ 3ರಿಂದ ಪ್ರತಿ ಪರೀಕ್ಷೆಗೂ ಹೊತ್ತಿಗೆ ಮುಂಚೆಯೇ ತಲುಪಿದೆವು. ಭೂಗೋಲದ ಪರೀಕ್ಷೆಯೊಂದು ಕೊರೋನಾದಿಂದಾಗಿ ನಡೆಯಲೇ ಇಲ್ಲ. ನಾಲ್ವರೂ ಪಾಸಾದರು. ಒಬ್ಬಳು ಈಗ ಗಡಹಿಂಗ್ಲಜದಲ್ಲಿ ನರ್ಸಿಂಗ್ ಮುಗಿಸಿ, ಇಂದು ಈ ಸಭೆಯ ಪ್ರಥಮೋಪಚಾರದ ಮೇಜಿನ ಹಿಂದೆ ಕುಳಿತಿದ್ದಾಳೆ.

ಕೆಸರು ತುಂಬಿದ ಆ ಬೇರಿಂಗ್ ನನ್ನ ಕೊಠಡಿಯ ಮೇಜಿನ ಮೇಲಿದೆ. ಊಟದ ನಂತರ ಬಂದು, ಬೇಕಾದವರು ಬೆರಳಿಟ್ಟು ತಿರುಗಿಸಿ ನೋಡಬಹುದು.